ಎರಿಕ್ ಲಿಡೆಲ್ ರಗ್ಬಿ ಬಿಟ್ಟಿದ್ದೂ ಭಾನುವಾರಕ್ಕಾಗಿಯೇ?

ಪ್ರಶ್ನೆ: ಭಾನುವಾರ ದೇವರ ದಿನ, ಅಂದು ಓಡುವುದಿಲ್ಲ ಎಂದು ಒಲಿಂಪಿಕ್ಸ್‌ನ 100 ಮೀಟರ್ ಓಟವನ್ನೇ ಬಿಟ್ಟ ಎರಿಕ್ ಲಿಡೆಲ್ ಸ್ಕಾಟ್ಲೆಂಡ್ ರಗ್ಬಿ ತಂಡದಲ್ಲೂ ಇದ್ದರಂತೆ. ಆದರೆ ಆಡಿದ್ದು ಏಳೇ ಪಂದ್ಯವಂತೆ. ಅಷ್ಟು ಬೇಗ ಬಿಟ್ಟಿದ್ದೇಕೆ? ಅಲ್ಲಿಯೂ ಭಾನುವಾರವೇ ಅಡ್ಡ ಬಂತೇ?

ಉತ್ತರ: ಇಲ್ಲ, ಭಾನುವಾರಕ್ಕೂ ಲಿಡೆಲ್ ಅವರ ರಗ್ಬಿಗೂ ಜಗಳವೇ ಇರಲಿಲ್ಲ. ಆಗಿನ ಸ್ಕಾಟ್ಲೆಂಡಿನಲ್ಲಿ ರಗ್ಬಿ ಎಂದರೆ ಶನಿವಾರ ಮಧ್ಯಾಹ್ನದ ಆಟ. ಭಾನುವಾರ ಪಂದ್ಯ ಇಡೋಣ ಎಂದು ಯಾರಾದರೂ ಬಾಯಿ ತೆರೆದಿದ್ದರೆ ಲಿಡೆಲ್‌ಗಿಂತ ಮೊದಲು ಊರಿನ ಅರ್ಧ ಜನ ಎದ್ದು ನಿಲ್ಲುತ್ತಿದ್ದರು. ಅವರ ಮೊದಲ ಅಂತರರಾಷ್ಟ್ರೀಯ ಪಂದ್ಯ ನಡೆದದ್ದು ಪ್ಯಾರಿಸ್ ಪಕ್ಕದ ಕೊಲೊಂಬ್ ಕ್ರೀಡಾಂಗಣದಲ್ಲಿ, 1922ರ ಜನವರಿ 2ರಂದು. ಪಂಚಾಂಗ ತಿರುವಿ ನೋಡಿದರೆ ಅಂದು ಸೋಮವಾರ. ಹೊಸ ವರ್ಷದ ದಿನ ಭಾನುವಾರ ಬಿದ್ದಿತ್ತು. ಪಂದ್ಯ ಒಂದು ದಿನ ಮುಂಚೆ ಇದ್ದಿದ್ದರೆ ಲಿಡೆಲ್ ಹೆಸರು ಎರಡು ವರ್ಷ ಮೊದಲೇ ಪತ್ರಿಕೆಗಳ ಮುಖಪುಟಕ್ಕೆ ಬರುತ್ತಿತ್ತೋ ಏನೋ.

ಪ್ರಶ್ನೆಯಲ್ಲಿರುವ ‘ಏಳೇ’ ಎಂಬ ಮಾತಿಗೆ ಮೊದಲು ಉತ್ತರ ಹೇಳಬೇಕು. ಈಗ ಸ್ಕಾಟ್ಲೆಂಡ್ ತಂಡ ವರ್ಷಕ್ಕೆ ಹತ್ತರ ಆಸುಪಾಸು ಪಂದ್ಯ ಆಡುತ್ತದೆ. ನೂರು ಪಂದ್ಯ ದಾಟಿದ ಆಟಗಾರರೂ ಅಲ್ಲಿದ್ದಾರೆ. ಆ ಕಣ್ಣಿನಿಂದ ನೋಡಿದರೆ ಏಳು ಎಂಬುದು ಯಾರೋ ಬಂದು ಇಣುಕಿ ಹೋದಂತೆ ಕಾಣುತ್ತದೆ. ಆದರೆ 1920ರ ದಶಕದ ಆರಂಭದಲ್ಲಿ ಸ್ಕಾಟ್ಲೆಂಡಿಗೆ ಒಂದು ಋತುವಿನಲ್ಲಿ ಸಿಗುತ್ತಿದ್ದದ್ದು ನಾಲ್ಕೇ ಪಂದ್ಯ: ಫ್ರಾನ್ಸ್, ವೇಲ್ಸ್, ಐರ್ಲೆಂಡ್, ಇಂಗ್ಲೆಂಡ್ ತಂಡಗಳೊಂದಿಗೆ ತಲಾ ಒಂದು. 1922 ಮತ್ತು 1923 ಸೇರಿಸಿದರೆ ಒಟ್ಟು ಎಂಟು. ಅದರಲ್ಲಿ ಲಿಡೆಲ್ ಆಡಿದ್ದು ಏಳು. 1922ರಲ್ಲಿ ಇಂಗ್ಲೆಂಡ್ ವಿರುದ್ಧದ ಪಂದ್ಯವೊಂದನ್ನು ಬಿಟ್ಟು ಉಳಿದೆಲ್ಲದರಲ್ಲೂ ಇದ್ದರು. ಆ ಏಳರಲ್ಲಿ ಸ್ಕಾಟ್ಲೆಂಡ್ ನಾಲ್ಕು ಗೆದ್ದಿತು, ಎರಡು ಸಮ ಮಾಡಿಕೊಂಡಿತು, ಸೋತದ್ದು ಒಂದೇ. ಲಿಡೆಲ್ ನಾಲ್ಕು ಟ್ರೈ (ಎದುರಾಳಿಯ ಗೆರೆ ದಾಟಿ ಚೆಂಡು ಊರುವುದು) ಗಳಿಸಿದರು. ಇಣುಕಿ ಹೋದವರ ಲೆಕ್ಕವಲ್ಲ ಇದು. ಎರಡು ವರ್ಷ ತಂಡದಲ್ಲಿ ಬೇರೂರಿ ನಿಂತಿದ್ದವರು, ಇಪ್ಪತ್ತೊಂದನೇ ವಯಸ್ಸಿಗೆ ತಾವಾಗಿಯೇ ಎದ್ದು ಹೋದರು.

ಲಿಡೆಲ್ ಹುಟ್ಟಿದ್ದು ಚೀನಾದ ಟಿಯಾಂಜಿನ್‌ನಲ್ಲಿ, 1902ರ ಜನವರಿ 16ರಂದು. ತಂದೆತಾಯಿ ಲಂಡನ್ ಮಿಷನರಿ ಸೊಸೈಟಿಯವರು. (ನಮ್ಮ ಬಳ್ಳಾರಿ, ಬೆಂಗಳೂರುಗಳಲ್ಲಿ ಶಾಲೆ, ಅಚ್ಚುಕೂಟ ನಡೆಸಿದ್ದೂ ಇದೇ ಸೊಸೈಟಿ, ಕನ್ನಡ ಮುದ್ರಣದ ಇತಿಹಾಸ ಓದಿದವರಿಗೆ ಹೆಸರು ಹೊಸದಲ್ಲ.) ಆರರ ಆಸುಪಾಸಿನಲ್ಲಿ ಹುಡುಗನನ್ನೂ ಅಣ್ಣ ರಾಬ್‌ನನ್ನೂ ಲಂಡನ್‌ನಲ್ಲಿ ಮಿಷನರಿಗಳ ಗಂಡುಮಕ್ಕಳಿಗೆಂದೇ ಇದ್ದ ವಸತಿ ಶಾಲೆಗೆ ಸೇರಿಸಿ ಹೆತ್ತವರು ಚೀನಾಕ್ಕೆ ಮರಳಿದರು. ಮುಂದೆ ಎಲ್ಥಮ್ ಕಾಲೇಜ್ ಎಂದು ಹೆಸರಾದ ಆ ಶಾಲೆಯಲ್ಲಿ ಲಿಡೆಲ್ ರಗ್ಬಿ ತಂಡದ ನಾಯಕರಾದರು. 1920ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯಕ್ಕೆ ವಿಜ್ಞಾನ ಓದಲು ಬಂದರು. ಮಾರನೆಯ ಬೇಸಿಗೆಯ ಕಾಲೇಜು ಕ್ರೀಡಾಕೂಟದಲ್ಲಿ ಓಡಿ ಎಲ್ಲರ ಕಣ್ಣಿಗೆ ಬಿದ್ದರು, ಚಳಿಗಾಲದಲ್ಲಿ ವಿಶ್ವವಿದ್ಯಾಲಯದ ರಗ್ಬಿ ತಂಡ ಸೇರಿದರು, ಕೆಲವೇ ತಿಂಗಳಲ್ಲಿ ಸ್ಕಾಟ್ಲೆಂಡ್ ತಂಡದಲ್ಲಿದ್ದರು. ಓಟ ಬೇಸಿಗೆಗೆ, ರಗ್ಬಿ ಚಳಿಗಾಲಕ್ಕೆ. ಎರಡು ದೋಣಿಯಾದರೂ ಆಗ ಕಾಲಿಡಲು ತೊಂದರೆ ಇರಲಿಲ್ಲ.

ರಗ್ಬಿ ನೋಡದವರಿಗೆ ಇಲ್ಲಿ ಒಂದು ಮಾತು. ಹದಿನೈದು ಜನರ ತಂಡ. ಚೆಂಡನ್ನು ಕೈಯಲ್ಲಿ ಹಿಡಿದು ಮುಂದಕ್ಕೆ ಓಡಬಹುದು, ಆದರೆ ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ. ಪಾಸ್ ಏನಿದ್ದರೂ ಪಕ್ಕಕ್ಕೆ ಅಥವಾ ಹಿಂದಕ್ಕೆ. ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೆ ಅದು ಟ್ರೈ. ಈಗ ಅದಕ್ಕೆ ಐದು ಅಂಕ, ಆಗ ಮೂರು. ಟ್ರೈ ಆದ ಮೇಲೆ ಚೆಂಡನ್ನು ಕಂಬಗಳ ನಡುವೆ ಒದ್ದು ಹಾಯಿಸಿದರೆ ಇನ್ನೆರಡು. ಮೈದಾನದ ಎರಡೂ ಅಂಚಿನಲ್ಲಿ ನಿಲ್ಲುವವರು ವಿಂಗ್ ಆಟಗಾರರು. ನಡುವಿನಲ್ಲಿ ಜನ ಕೆಸರಿನಲ್ಲಿ ಒಬ್ಬರನ್ನೊಬ್ಬರು ನೂಕುತ್ತಿರುವಾಗ ಇವರು ಅಂಚಿನಲ್ಲಿ ಚಳಿಗೆ ಕೈ ಉಜ್ಜುತ್ತಾ ಕಾಯುತ್ತಾರೆ. ಚೆಂಡು ಅರ್ಧ ಗಂಟೆಗೊಮ್ಮೆ ಬರಬಹುದು, ಬಾರದೆಯೂ ಇರಬಹುದು. ಬಂದಾಗ ಓಡಬೇಕು, ಅಷ್ಟೇ. ಲಿಡೆಲ್ ನಿಂತದ್ದು ಅಲ್ಲಿ.

ಓಡುವಾಗ ಅವರ ಭಂಗಿ ನೋಡಿ ತರಬೇತುದಾರರು ತಲೆ ಚಚ್ಚಿಕೊಳ್ಳುವಂತಿತ್ತು. ತಲೆ ಹಿಂದಕ್ಕೆ ವಾಲುತ್ತಿತ್ತು, ಬಾಯಿ ತೆರೆದಿರುತ್ತಿತ್ತು, ಈಜು ಬಾರದವನು ನೀರಿಗೆ ಬಿದ್ದಂತೆ ಕೈಗಳು ಬಡಿದಾಡುತ್ತಿದ್ದವು. ಚೆಂಡನ್ನು ಎದೆಗೆ ಅವುಚಿ ಹಿಡಿದಾಗಲಾದರೂ ಆ ಕೈಗಳಿಗೆ ಒಂದು ಕೆಲಸ ಸಿಗುತ್ತಿತ್ತು ಎಂದು ನನಗೆ ಅನ್ನಿಸುವುದುಂಟು. ಆದರೆ ಬರೀ ವೇಗದಿಂದ ವಿಂಗ್ ಆಟಗಾರ ಬದುಕುವುದಿಲ್ಲ, ಸರಿಯಾದ ಗಳಿಗೆಯಲ್ಲಿ ಚೆಂಡು ಕೈಗೆ ದಾಟಿಸುವವರೊಬ್ಬರು ಒಳಬದಿಯಲ್ಲಿರಬೇಕು. ಲಿಡೆಲ್ ಪಾಲಿಗೆ ಆ ಅದೃಷ್ಟ ಲೆಸ್ಲಿ ಗ್ರೇಸಿ ಎಂಬ ಸೆಂಟರ್ ಆಟಗಾರರ ರೂಪದಲ್ಲಿತ್ತು. ಎದುರಾಳಿಯನ್ನು ಕೊನೆಯ ಹೆಜ್ಜೆಯವರೆಗೂ ತನ್ನತ್ತ ಎಳೆದುಕೊಂಡು ಆಮೇಲೆ ಪಾಸ್ ಕೊಡುವುದು ಅವರ ವಿದ್ಯೆ. ಒಬ್ಬರು ದಾರಿ ತೆರೆದರೆ ಇನ್ನೊಬ್ಬರು ಅದರಲ್ಲಿ ನುಗ್ಗುತ್ತಿದ್ದರು.

ಈ ಜೋಡಿಯನ್ನು ನೋಡಲು 1923ರ ಫೆಬ್ರುವರಿ 3ರ ಕಾರ್ಡಿಫ್‌ಗೆ ಹೋಗಬೇಕು. ಆ ಊರಿನಲ್ಲಿ ಸ್ಕಾಟ್ಲೆಂಡ್ 1890ರ ನಂತರ ಗೆದ್ದೇ ಇರಲಿಲ್ಲ. ವೇಲ್ಸ್‌ನಲ್ಲಿ ರಗ್ಬಿ ಎಂದರೆ ಗಣಿ ಕಾರ್ಮಿಕರಿಂದ ಹಿಡಿದು ಪಾದ್ರಿಗಳವರೆಗೆ ಎಲ್ಲರ ಉಸಿರು. ಹೊರಗಿನವರು ಅಲ್ಲಿ ಗೆದ್ದು ಹೋಗುವುದು ಸುಲಭವಲ್ಲ. ಅಂದು ಲಿಡೆಲ್ ಒಂದು ಟ್ರೈ ಗಳಿಸಿದ್ದರೂ ಕೊನೆಯ ಗಳಿಗೆಯಲ್ಲಿ ವೇಲ್ಸ್ 8–6ರಿಂದ ಮುಂದಿತ್ತು. ಆಗ ಗ್ರೇಸಿ ತಾವೇ ಚೆಂಡು ಹಿಡಿದು ಸಾಲು ಸೀಳಿಕೊಂಡು ಹೋಗಿ ಗೆರೆ ದಾಟಿದರು. ದಾಟಿದ ಕೂಡಲೇ ಚೆಂಡನ್ನು ಒತ್ತಿ ಸಂಭ್ರಮಿಸಲಿಲ್ಲ. ಮುಂದಿನ ಒದೆತ ಸುಲಭವಾಗಲೆಂದು ಕಂಬಗಳ ಕಡೆಗೆ ಸುತ್ತಿ ಬಂದು ಆಮೇಲೆ ನೆಲಕ್ಕೊತ್ತಿದರು. ಒದೆತವೂ ಹಾಯ್ದು 11–8 ಆಯಿತು. ಪಂದ್ಯ ಮುಗಿದಾಗ ಗ್ರೇಸಿಯನ್ನು ಹೆಗಲ ಮೇಲೆ ಹೊತ್ತು ಮೆರೆಸಿದವರು ಸೋತ ಊರಿನ ಪ್ರೇಕ್ಷಕರು.

ಇಷ್ಟಾದರೂ ಆಟಗಾರರಿಗೆ ಸಿಗುತ್ತಿದ್ದದ್ದು ಏನು? ದುಡ್ಡು ಸೊನ್ನೆ. ರಗ್ಬಿ ಯೂನಿಯನ್ನಿನಲ್ಲಿ ಆಟಕ್ಕೆ ಸಂಬಳ ಅಧಿಕೃತವಾಗಿ ಬಂದದ್ದೇ 1995ರಲ್ಲಿ. ಸ್ಕಾಟ್ಲೆಂಡಿನ ಆಡಳಿತವಂತೂ ಬಿಗಿ ಮುಷ್ಟಿಗೆ ಹೆಸರುವಾಸಿ. ಜಾಕ್ ವೀಮ್ಸ್ ಎಂಬ ಆಟಗಾರ ಮೊದಲ ಮಹಾಯುದ್ಧದಲ್ಲಿ ಒಂದು ಕಣ್ಣು ಕಳೆದುಕೊಂಡು ಬಂದು 1920ರಲ್ಲಿ ಮತ್ತೆ ದೇಶಕ್ಕೆ ಆಡಲು ನಿಂತಾಗ, ನಿನಗೆ 1914ರಲ್ಲೇ ಜೆರ್ಸಿ ಕೊಟ್ಟಾಗಿದೆಯಲ್ಲ ಎಂದು ಹೊಸದನ್ನು ಕೊಡಲಿಲ್ಲವಂತೆ. ಅಲ್ಲಿನ ರಗ್ಬಿ ಮಂದಿ ಈ ಕಥೆಯನ್ನು ಇವತ್ತಿಗೂ ನಗುತ್ತಾ ಹೇಳುತ್ತಾರೆ. ಲಿಡೆಲ್ ಬಿಟ್ಟು ಹೋದದ್ದು ಇಂಥ ಆಟವನ್ನು. ಅದರಿಂದ ಜೇಬಿಗೆ ನಷ್ಟವೇನೂ ಆಗಲಿಲ್ಲ.

ಅವರ ಕೊನೆಯ ಪಂದ್ಯದಲ್ಲಿ ನಮ್ಮ ದೇಶದ ಬೆಳ್ಳಿಯೂ ಇತ್ತು. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಸೆಣಸುವುದು ಕಲ್ಕತ್ತಾ ಕಪ್‌ಗಾಗಿ. 1873ರಲ್ಲಿ ಕಲ್ಕತ್ತಾದಲ್ಲಿ ಬ್ರಿಟಿಷರು ರಗ್ಬಿ ಕ್ಲಬ್ ಕಟ್ಟಿದರು. ಕೆಲವೇ ವರ್ಷಗಳಲ್ಲಿ ಅದು ಸೊರಗಿತು. ಬಂಗಾಳದ ಸೆಕೆ ರಗ್ಬಿಗೆ ಒಗ್ಗಲಿಲ್ಲ ಎನ್ನುವವರಿದ್ದಾರೆ, ಕ್ಲಬ್ಬಿನಲ್ಲಿ ಪುಕ್ಕಟೆ ಮದ್ಯ ನಿಂತದ್ದೇ ಕಾರಣ ಎನ್ನುವವರೂ ಇದ್ದಾರೆ. ಕ್ಲಬ್ ಮುಚ್ಚುವಾಗ ಬ್ಯಾಂಕಿನಲ್ಲಿದ್ದ ಹಣವನ್ನು ಬೆಳ್ಳಿ ರೂಪಾಯಿಗಳಾಗಿ ತೆಗೆದು, ಕರಗಿಸಿ, ಭಾರತದ ಅಕ್ಕಸಾಲಿಗರಿಂದಲೇ ಒಂದು ಬಟ್ಟಲು ಮಾಡಿಸಿದರು. ಹಿಡಿಕೆಗಳು ಮೂರು ನಾಗರಹಾವುಗಳು, ಮುಚ್ಚಳದ ಮೇಲೊಂದು ಆನೆ. 1879ರಿಂದ ಎರಡೂ ದೇಶಗಳು ಅದಕ್ಕಾಗಿ ಆಡುತ್ತಿವೆ.

1923ರ ಮಾರ್ಚ್ 17, ಶನಿವಾರ. ಎಡಿನ್‌ಬರೋದ ಇನ್ವರ್ಲೀತ್ ಮೈದಾನ. ಸ್ಕಾಟ್ಲೆಂಡ್ ಆ ವರ್ಷ ಫ್ರಾನ್ಸ್, ವೇಲ್ಸ್, ಐರ್ಲೆಂಡ್ ಮೂವರನ್ನೂ ಮಣಿಸಿತ್ತು. ಆ ಮೂರು ಪಂದ್ಯಗಳಲ್ಲೂ ಲಿಡೆಲ್ ಟ್ರೈ ಗಳಿಸಿದ್ದರು. ಇಂಗ್ಲೆಂಡನ್ನೂ ಸೋಲಿಸಿದರೆ ನಾಲ್ಕಕ್ಕೆ ನಾಲ್ಕು, ಅಂದರೆ ಗ್ರ್ಯಾಂಡ್ ಸ್ಲ್ಯಾಮ್. ಸ್ಕಾಟ್ಲೆಂಡಿಗೆ ಅದು ಅಲ್ಲಿಯವರೆಗೆ ಒಮ್ಮೆಯೂ ದಕ್ಕಿರಲಿಲ್ಲ. ಆದರೆ ಗೆದ್ದದ್ದು ಇಂಗ್ಲೆಂಡ್, 8–6ರಿಂದ. ಲಿಡೆಲ್ ಸೋತ ಒಂದೇ ಪಂದ್ಯ ಅದು, ಆಡಿದ ಕೊನೆಯದೂ ಅದೇ. ಅಂದು ಮೈದಾನದಲ್ಲಿದ್ದ ಯಾರಿಗೂ ಇದು ಈ ಹುಡುಗನ ಕೊನೆಯ ಪಂದ್ಯ ಎಂದು ಅನ್ನಿಸಿರಲಾರದು.

ಹಾಗಾದರೆ ಏನಾಯಿತು? ಮೂರು ವಾರದ ನಂತರ, ಏಪ್ರಿಲ್ 6ರಂದು, ಆರ್ಮಡೇಲ್ ಎಂಬ ಗಣಿ ಕಾರ್ಮಿಕರ ಊರಿನಲ್ಲಿ ಲಿಡೆಲ್ ಮೊದಲ ಬಾರಿಗೆ ಜನರ ಮುಂದೆ ನಿಂತು ತಮ್ಮ ನಂಬಿಕೆಯ ಬಗ್ಗೆ ಮಾತನಾಡಿದರು. ಅವರನ್ನು ಕರೆದವರು ಡಿ. ಪಿ. ಥಾಮ್ಸನ್ ಎಂಬ ಯುವ ಪ್ರಚಾರಕರು. ಸಭೆಗಳಿಗೆ ಗಂಡಸರೇ ಬರುತ್ತಿರಲಿಲ್ಲ. ದೇಶದ ರಗ್ಬಿ ಆಟಗಾರ ಬರುತ್ತಾನೆಂದರೆ ಬಂದಾರು ಎಂಬುದು ಅವರ ಎಣಿಕೆ. ಒಲಿಂಪಿಕ್ ಪದಕ ಇನ್ನೂ ದೂರವಿದ್ದಾಗ ಲಿಡೆಲ್ ಹೆಸರಿಗೆ ಜನ ಸೇರುತ್ತಿದ್ದದ್ದು ರಗ್ಬಿಯಿಂದ ಎಂಬುದನ್ನು ನಾವು ಮರೆಯುತ್ತೇವೆ.

ಅದೇ ಬೇಸಿಗೆ ಓಟದ ಲೆಕ್ಕವೂ ಬದಲಾಯಿತು. ಜುಲೈನಲ್ಲಿ ಲಂಡನ್‌ನ ಎಎಎ (ಅಮೆಚೂರ್ ಅಥ್ಲೆಟಿಕ್ ಅಸೋಸಿಯೇಷನ್) ಚಾಂಪಿಯನ್‌ಷಿಪ್‌ನಲ್ಲಿ 100 ಗಜ ದೂರವನ್ನು 9.7 ಸೆಕೆಂಡಿನಲ್ಲಿ ಓಡಿದರು. ಆ ಬ್ರಿಟಿಷ್ ದಾಖಲೆ ಎರಡು ದಶಕಕ್ಕೂ ಹೆಚ್ಚು ಕಾಲ ಉಳಿಯಿತು. ಆ ತಿಂಗಳಲ್ಲೇ ಸ್ಟೋಕ್‌ನಲ್ಲಿ 440 ಗಜದ ಓಟ. ಮೊದಲ ತಿರುವಿಗೆ ಮುನ್ನವೇ ಇನ್ನೊಬ್ಬರಿಗೆ ತಾಗಿ ಹುಲ್ಲಿನ ಮೇಲೆ ಬಿದ್ದರು. ಎದ್ದಾಗ ಉಳಿದವರು ಸುಮಾರು ಇಪ್ಪತ್ತು ಗಜ ಮುಂದಿದ್ದರು. ಎದ್ದು ಓಡಿ, ಅವರನ್ನೆಲ್ಲ ಹಿಂದಿಕ್ಕಿ ಗೆದ್ದು, ಗೆರೆಯಾಚೆ ಕುಸಿದರು. ಬಿದ್ದ ಕೂಡಲೇ ಯೋಚಿಸದೆ ಎದ್ದು ಓಡುವುದು ರಗ್ಬಿ ಆಟಗಾರನ ಅಭ್ಯಾಸ. ಬರೀ ಓಟಗಾರರಾಗಿದ್ದರೆ ಕುಳಿತು ಮಂಡಿ ನೋಡಿಕೊಳ್ಳುತ್ತಿದ್ದರು ಎಂಬುದು ನನ್ನ ಗುಮಾನಿ.

ಮುಂದಿನ ವರ್ಷ ಪ್ಯಾರಿಸ್ ಒಲಿಂಪಿಕ್ಸ್. ಚಳಿಗಾಲವಿಡೀ ಎದುರಾಳಿಗಳು ಹಿಡಿದು ಕೆಡವುವ ಟ್ಯಾಕಲ್‌ಗಳಿಗೆ ಮೈಯೊಡ್ಡಿ, ವಸಂತದಲ್ಲಿ ಓಟಕ್ಕೆ ತಯಾರಾಗುವುದು ಇನ್ನು ಸಾಧ್ಯವಿರಲಿಲ್ಲ. ಒಂದು ಮೊಣಕಾಲು ತಿರುಚಿದರೂ ಎರಡೂ ಹೋಗುತ್ತಿದ್ದವು. ವಿಜ್ಞಾನ ಪದವಿಯ ಕೊನೆಯ ವರ್ಷ ಬೇರೆ, ಊರೂರಿನ ಸಭೆಗಳು ಬೇರೆ. ಒಂದನ್ನು ಬಿಡಲೇಬೇಕಿತ್ತು, ರಗ್ಬಿಯನ್ನು ಬಿಟ್ಟರು. ಪ್ರಶ್ನೆಗೆ ನೇರ ಉತ್ತರ ಇದೇ.

ಹಾಗಾದರೆ ಭಾನುವಾರದ ಕಥೆ? ಅದು ನಿಜ, ಆದರೆ ಅದು 1924ರದು. 100 ಮೀಟರ್‌ನ ಮೊದಲ ಸುತ್ತು ಜುಲೈ 6ರ ಭಾನುವಾರ ಬಿದ್ದಿತ್ತು. 1981ರಲ್ಲಿ ತೆರೆಗೆ ಬಂದು ಆಸ್ಕರ್ ಗೆದ್ದ, ಲಿಡೆಲ್ ಕಥೆ ಹೇಳುವ ‘ಚಾರಿಯಟ್ಸ್ ಆಫ್ ಫೈರ್’ ಚಿತ್ರದಲ್ಲಿ ಇದು ಹಡಗು ಹತ್ತುವಾಗ ತಿಳಿಯುತ್ತದೆ. ವಾಸ್ತವದಲ್ಲಿ ತಿಂಗಳುಗಳ ಮೊದಲೇ ಗೊತ್ತಿತ್ತು. 400 ಮೀಟರ್‌ಗೆ ತಯಾರಾಗಲು ಸಮಯವೂ ಸಿಕ್ಕಿತ್ತು. 200 ಮೀಟರ್‌ನಲ್ಲಿ ಕಂಚು, ಜುಲೈ 11ರಂದು 400 ಮೀಟರ್‌ನಲ್ಲಿ 47.6 ಸೆಕೆಂಡಿನ ಚಿನ್ನ. ಗೆದ್ದ ಮೈದಾನ ಯಾವುದು ಗೊತ್ತೇ? ಎರಡೂವರೆ ವರ್ಷ ಹಿಂದೆ ಸ್ಕಾಟ್ಲೆಂಡ್ ಪರ ಮೊದಲ ಬಾರಿಗೆ ರಗ್ಬಿ ಆಡಿ 3–3ರಲ್ಲಿ ಸಮ ಮಾಡಿಕೊಂಡಿದ್ದ ಅದೇ ಕೊಲೊಂಬ್. ಆ ಒಲಿಂಪಿಕ್ಸ್‌ನಲ್ಲಿ ರಗ್ಬಿಯೂ ಇತ್ತು, ಅಮೆರಿಕ ಚಿನ್ನ ಗೆದ್ದಿತು. ಬ್ರಿಟನ್ ತಂಡವನ್ನೇ ಕಳುಹಿಸಿರಲಿಲ್ಲ.

ಲಿಡೆಲ್ ಬಿಟ್ಟ ಮೇಲೆ ಸ್ಕಾಟ್ಲೆಂಡಿನ ವಿಂಗ್ ಬರಿದಾಗಲಿಲ್ಲ. 1924ರಲ್ಲಿ ಇಯಾನ್ ಸ್ಮಿತ್ ಬಂದರು. 32 ಪಂದ್ಯಗಳಲ್ಲಿ 24 ಟ್ರೈ, 1987ರವರೆಗೂ ಮುರಿಯದ ವಿಶ್ವ ದಾಖಲೆ. ಇಬ್ಬರನ್ನೂ ಜನ ‘ಫ್ಲೈಯಿಂಗ್ ಸ್ಕಾಟ್ಸ್‌ಮನ್’ ಎಂದೇ ಕರೆದದ್ದರಿಂದ ಇಂದಿಗೂ ಒಬ್ಬರ ಸಾಧನೆ ಇನ್ನೊಬ್ಬರ ಖಾತೆಗೆ ಜಮೆಯಾಗುತ್ತಿರುತ್ತದೆ. 1925ರ ಮಾರ್ಚ್ 21ರಂದು ಹೊಸದಾಗಿ ತೆರೆದ ಮರೇಫೀಲ್ಡ್ ಮೈದಾನದಲ್ಲಿ ಸ್ಕಾಟ್ಲೆಂಡ್ ಇಂಗ್ಲೆಂಡನ್ನು 14–11ರಿಂದ ಮಣಿಸಿ ಮೊದಲ ಗ್ರ್ಯಾಂಡ್ ಸ್ಲ್ಯಾಮ್ ಗೆದ್ದಿತು. ಆಗ ಲಿಡೆಲ್ ಎಡಿನ್‌ಬರೋದಲ್ಲೇ ಧರ್ಮಶಾಸ್ತ್ರ ಓದುತ್ತಿದ್ದರು. ವಯಸ್ಸು ಇಪ್ಪತ್ಮೂರು. ಕಾಲಲ್ಲಿ ಓಟ ಕಡಿಮೆಯಾಗಿರಲಿಲ್ಲ. ಆ ಜೂನ್‌ನಲ್ಲಿ ಗ್ಲಾಸ್ಗೋದ ಹ್ಯಾಂಪ್ಡನ್ ಪಾರ್ಕಿನಲ್ಲಿ ಒಂದೇ ಕೂಟದಲ್ಲಿ 100, 220, 440 ಗಜ ಮೂರನ್ನೂ ಗೆದ್ದರು. ಅದಾದ ಮೇಲೆ ಚೀನಾಕ್ಕೆ ಹೊರಟು ಟಿಯಾಂಜಿನ್‌ನ ಆಂಗ್ಲೋ–ಚೈನೀಸ್ ಕಾಲೇಜಿನಲ್ಲಿ ಮೇಷ್ಟ್ರಾದರು.

1943ರಲ್ಲಿ ಜಪಾನೀಯರು ಅವರನ್ನು ವೈಶೀನ್ ಬಂದಿ ಶಿಬಿರದಲ್ಲಿಟ್ಟರು. ಹೆಂಡತಿ ಮಕ್ಕಳನ್ನು ಮೊದಲೇ ಕೆನಡಾಕ್ಕೆ ಕಳುಹಿಸಿದ್ದರು. 1945ರ ಫೆಬ್ರುವರಿ 21ರಂದು ಮೆದುಳಿನ ಗೆಡ್ಡೆಯಿಂದ ಅಲ್ಲೇ ತೀರಿಕೊಂಡರು. ಶಿಬಿರದಲ್ಲಿ ಹುಡುಗ ಹುಡುಗಿಯರ ಆಟದ ಉಸ್ತುವಾರಿ ಅವರದು. ಆದರೆ ಭಾನುವಾರ ಮಾತ್ರ ಆಡಿಸುತ್ತಿರಲಿಲ್ಲ. ಒಂದು ಭಾನುವಾರ ಮಕ್ಕಳು ತಾವೇ ಹಾಕಿ ಆಡಲು ಹೋಗಿ, ತೀರ್ಪು ಕೊಡುವವರಿಲ್ಲದೆ ಹೊಡೆದಾಟದಲ್ಲಿ ಮುಗಿಸಿದರು. ಅದಾದ ಮೇಲೆ ಭಾನುವಾರದ ಆಟಕ್ಕೆ ರೆಫರಿಯಾಗಿ ಮೈದಾನಕ್ಕೆ ಇಳಿದವರು ಲಿಡೆಲ್ ಅವರೇ.