ಹಳೇ ಕಾರಿನ ಬಣ್ಣಕ್ಕೆ ಯಾವ ಪಾಲಿಶ್, ಯಾವ ವ್ಯಾಕ್ಸ್: ಅಧ್ಯಯನ ಟಿಪ್ಪಣಿ

ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗೆ ಹೋಗಿ "ವ್ಯಾಕ್ಸ್ ಪಾಲಿಶ್ ಕೊಡಿ" ಅಂದರೆ ನಾಲ್ಕು ಥರದ ಡಬ್ಬಿ ಮುಂದೆ ಬರಬಹುದು. ನಾಲ್ಕರ ಕೆಲಸವೂ ಬೇರೆ ಬೇರೆ. ಹಾಗಾಗಿ ಮೊದಲು ಹೆಸರುಗಳನ್ನು ಬಿಡಿಸಿಕೊಳ್ಳೋಣ. ರಬ್ಬಿಂಗ್ ಕಾಂಪೌಂಡ್‌ನಲ್ಲಿ ಉಜ್ಜುವ ಪುಡಿ ದಪ್ಪಗಿರುತ್ತದೆ. ಅದು ಬಣ್ಣದ ಮೇಲ್ಮೈಯನ್ನು ಕೆರೆದು, ಗೀರಿನ ಆಳದವರೆಗೂ ಮಟ್ಟ ಮಾಡುತ್ತದೆ. ಪಾಲಿಶ್ ಮಾಡುವುದೂ ಅದನ್ನೇ, ಪುಡಿ ಮಾತ್ರ ನುಣ್ಣಗೆ. ಗ್ಲೇಜ್‌ನಲ್ಲಿ ಎಣ್ಣೆಯ ಅಂಶವೇ ಹೆಚ್ಚು, ಉಜ್ಜುವ ಗುಣ ಇಲ್ಲವೆನ್ನುವಷ್ಟು ಕಡಿಮೆ. ವ್ಯಾಕ್ಸ್ ಏನನ್ನೂ ತೆಗೆಯುವುದಿಲ್ಲ, ಬಣ್ಣದ ಮೇಲೆ ತೆಳ್ಳನೆಯ ಪೊರೆಯಾಗಿ ಕೂರುತ್ತದೆ. ಡಬ್ಬಿಯ ಮೇಲೆ 'ಕ್ಲೀನರ್ ವ್ಯಾಕ್ಸ್' ಅಂತಿದ್ದರೆ ಅದರಲ್ಲಿ ಪಾಲಿಶ್ ಪುಡಿಯೂ ಸೇರಿದೆ ಎಂದರ್ಥ. ಬರೀ ವ್ಯಾಕ್ಸ್ ಅಂದುಕೊಂಡು ತಿಂಗಳಿಗೊಮ್ಮೆ ಅದನ್ನು ಹಚ್ಚುತ್ತಾ ಹೋದರೆ ಪ್ರತಿ ಸಲವೂ ಒಂದಿಷ್ಟು ಬಣ್ಣ ಬಟ್ಟೆಗೆ ಬರುತ್ತದೆ.

ಬಣ್ಣ ತೆಗೆದಷ್ಟೂ ಕಡಿಮೆಯಾಗುತ್ತದೆ, ಮತ್ತೆ ಬೆಳೆಯುವುದಿಲ್ಲ. ಈಗಿನ ಕಾರುಗಳಲ್ಲಿ ಎಲ್ಲ ಪದರ ಸೇರಿ ಸುಮಾರು 100ರಿಂದ 150 ಮೈಕ್ರಾನ್ ಇರುತ್ತದೆ. ತಲೆಕೂದಲಿನ ದಪ್ಪ ಸುಮಾರು 70 ಮೈಕ್ರಾನ್ ಅಂತ ನೆನೆಸಿಕೊಂಡರೆ ಅಂದಾಜು ಸಿಗುತ್ತದೆ. ಹಳೇ ಕಾರಿನ ಬಾನೆಟ್ ಅಂಚು, ಮಡ್‌ಗಾರ್ಡಿನ ಏಣು, ಬಾಗಿಲ ಮೇಲಿನ ಗೆರೆ ಇವೆಲ್ಲ ದಶಕಗಳಿಂದ ರಬ್ಬಿಂಗ್ ತಿಂದು ತಿಂದು ಇನ್ನೂ ತೆಳುವಾಗಿರುತ್ತವೆ. ಆದ್ದರಿಂದ ಈ ಕೆಲಸದಲ್ಲಿ ಒಂದೇ ಕ್ರಮ: ಸಾಕಾಗುವಷ್ಟು ಮೃದುವಾದದ್ದರಿಂದ ಶುರು ಮಾಡುವುದು, ಅದು ಸಾಲದಿದ್ದರೆ ಮಾತ್ರ ಒಂದು ಮೆಟ್ಟಿಲು ಮೇಲಕ್ಕೆ ಹೋಗುವುದು.

ಬಣ್ಣ ಯಾವುದು, ಅದು ಮೊದಲು ಗೊತ್ತಾಗಬೇಕು

ನಮ್ಮ ಗ್ಯಾರೇಜುಗಳಲ್ಲಿ ಕಾರಿಗೆ ಸ್ಪ್ರೇ ಹೊಡೆಸುವುದನ್ನೇ 'ಡ್ಯೂಕೋ' ಅನ್ನುತ್ತಾರೆ. ಅದು 1920ರ ದಶಕದಲ್ಲಿ ಡ್ಯುಪಾಂಟ್ ಕಂಪನಿ ತಂದ ನೈಟ್ರೋಸೆಲ್ಯುಲೋಸ್ ಬಣ್ಣದ ಹೆಸರು. ಪೇಂಟರ್ ಬಾಯಲ್ಲಿ 'ಎನ್‌ಸಿ' ಅಂದರೆ ಇದೇ ಜಾತಿ. ಇದು ಥಿನ್ನರ್ ಆರಿ ಗಟ್ಟಿಯಾಗುವ ಬಣ್ಣ. ಅಂದರೆ ಮತ್ತೆ ಥಿನ್ನರ್ ತಾಗಿದರೆ ಕರಗುತ್ತದೆ, ಬಿಸಿ ತಾಗಿದರೆ ಮೆತ್ತಗಾಗುತ್ತದೆ. ಎನಾಮೆಲ್ ಇನ್ನೊಂದು ಜಾತಿ. ಹಾರ್ಡ್‌ನರ್ ಬೆರೆಸಿ ಹೊಡೆಯುವ ಪಿಯು (ಪಾಲಿಯುರೆಥೇನ್) ಮೂರನೆಯದು, ಒಮ್ಮೆ ಗಟ್ಟಿಯಾದ ಮೇಲೆ ಥಿನ್ನರಿಗೂ ಸುಲಭವಾಗಿ ಜಗ್ಗುವುದಿಲ್ಲ. ಅಂಬಾಸಿಡರ್, ಪದ್ಮಿನಿ, ಸ್ಟ್ಯಾಂಡರ್ಡ್ ಹೆರಾಲ್ಡ್ ಕಾಲದ ಕಾರುಗಳಲ್ಲಿ ಈ ಮೂರರಲ್ಲಿ ಯಾವುದು ಬೇಕಾದರೂ ಇರಬಹುದು, ಏಕೆಂದರೆ ಬಹುತೇಕ ಕಾರುಗಳು ಒಂದೆರಡು ಸಲವಾದರೂ ಮರು ಬಣ್ಣ ಕಂಡಿರುತ್ತವೆ.

ಪರೀಕ್ಷೆ ಹೀಗೆ. ಬಿಳಿ ಬಟ್ಟೆಯ ತುದಿಗೆ ನುಣ್ಣನೆಯ ಪಾಲಿಶ್ ಒಂದು ಹನಿ ಹಾಕಿ, ಕಾಣದ ಜಾಗದಲ್ಲಿ ಹತ್ತು ಸಲ ಉಜ್ಜಿ. ಕಾರಿನ ಬಣ್ಣವೇ ಬಟ್ಟೆಗೆ ಬಂದರೆ ಅದು ಒಂದೇ ಪದರದ ಬಣ್ಣ, ಮೇಲೆ ಕ್ಲಿಯರ್ ಕೋಟ್, ಅಂದರೆ ಬಣ್ಣವಿಲ್ಲದ ಪಾರದರ್ಶಕ ಪದರ, ಇಲ್ಲ. ಬಟ್ಟೆ ಬೆಳ್ಳಗೇ ಉಳಿದರೆ ಮೇಲೆ ಕ್ಲಿಯರ್ ಇದೆ. ಬಿಳಿ ಕಾರಿನಲ್ಲಿ ಈ ಪರೀಕ್ಷೆಯನ್ನು ಕಪ್ಪು ಬಟ್ಟೆಯಲ್ಲಿ ಮಾಡಬೇಕು, ಇಲ್ಲದಿದ್ದರೆ ಬಂದದ್ದು ಕಾಣುವುದೇ ಇಲ್ಲ. ಹಳೇ ಮೆಟಾಲಿಕ್ ಬಣ್ಣದಲ್ಲಿ ಬಟ್ಟೆಗೆ ಬೂದು ಕಲೆ ಬಂದರೆ ಎಚ್ಚರ: ಅದು ಬಣ್ಣದೊಳಗಿನ ಅಲ್ಯೂಮಿನಿಯಂ ಚೂರು. ಅಲ್ಲಿ ಉಜ್ಜಿದಷ್ಟೂ ಮೋಡ ಕವಿದಂಥ ಪಟ್ಟೆ ಏಳುತ್ತದೆ. ಅಂಥ ಕಾರಿಗೆ ಮಷೀನ್ ಹಾಕದೆ ಗ್ಲೇಜ್ ಮತ್ತು ವ್ಯಾಕ್ಸಿಗೇ ನಿಲ್ಲಿಸುವುದು ಲೇಸು.

ಎರಡನೆಯದು ಥಿನ್ನರ್ ಪರೀಕ್ಷೆ. ಕಿವಿ ಒರೆಸುವ ಹತ್ತಿ ಕಡ್ಡಿಯನ್ನು ಎನ್‌ಸಿ ಥಿನ್ನರಿನಲ್ಲಿ ಅದ್ದಿ, ಹಿಂಡಿ, ಒಂದು ಕಡೆ ಹತ್ತು ಸೆಕೆಂಡ್ ಒತ್ತಿಡಿ. ಹತ್ತಿ ಕೂಡಲೇ ಬಣ್ಣ ಹೀರಿ, ಜಾಗ ಅಂಟಂಟಾದರೆ ಎನ್‌ಸಿ. ಸ್ವಲ್ಪ ಹೊತ್ತಿಗೆ ಸುಕ್ಕುಗಟ್ಟಿ ಉಬ್ಬಿದರೆ ಎನಾಮೆಲ್. ಏನೂ ಆಗದಿದ್ದರೆ ಪಿಯು. ಬಾಗಿಲು ತೆಗೆದಾಗ ಕಾಣುವ ಕಂಬದ ಮೇಲೆ ಪರೀಕ್ಷೆ ಮಾಡುವ ಅಭ್ಯಾಸ ಹಲವರಿಗಿದೆ. ಅಲ್ಲಿ ಫ್ಯಾಕ್ಟರಿ ಬಣ್ಣ ಉಳಿದಿದ್ದು, ಹೊರಗೆ ಪಿಯು ಹೊಡೆದಿರಬಹುದು. ಹೊರಮೈಯ ಬಣ್ಣವೇ ಇರುವ ಜಾಗ, ಅಂದರೆ ಬಾಗಿಲ ಕೆಳಗಿನ ಅಂಚಿನ ಒಳಮಡಿಕೆಯಂಥದ್ದು, ಹುಡುಕಿಕೊಳ್ಳಿ.

ದಪ್ಪ ಅಳೆಯುವ ಮೀಟರ್ ಸಿಕ್ಕರೆ ಒಂದೊಂದು ಪ್ಯಾನೆಲ್‌ನಲ್ಲಿ ಐದಾರು ಕಡೆ ಇಟ್ಟು ನೋಡಿ ಬರೆದುಕೊಳ್ಳಿ. 300 ಮೈಕ್ರಾನ್ ದಾಟಿದರೆ ಮರು ಬಣ್ಣ, ಅದಕ್ಕೂ ಎಷ್ಟೋ ಮೇಲಿದ್ದರೆ ಒಳಗೆ ಪುಟ್ಟಿ. ದಪ್ಪ ಇದೆ ಅಂತ ಧೈರ್ಯವಾಗಿ ಉಜ್ಜಬಾರದು, ಮೀಟರ್ ಹೇಳುವುದು ಒಟ್ಟು ದಪ್ಪ ಮಾತ್ರ, ಮೇಲಿನ ಬಣ್ಣ ಎಷ್ಟಿದೆ ಅಂತ ಅಲ್ಲ.

ಪಾಲಿಶ್‌ಗೆ ಮುಂಚೆ

ನಮ್ಮೂರಿನ ಕಾರುಗಳ ಮೇಲೆ ಜೇಡರ ಬಲೆಯಂಥ ಗೀರು ಬೀಳುವುದು ಹೆಚ್ಚಾಗಿ ಬೆಳಗಿನ ಒರೆಸಾಟದಿಂದ. ಒಂದೇ ಬಕೆಟ್ ನೀರು, ಒಂದೇ ಹಳೇ ಬಟ್ಟೆ, ರಾತ್ರಿ ಕೂತ ಮೆಟ್ರೋ ಕಾಮಗಾರಿಯ ಧೂಳು: ಆ ಬಟ್ಟೆ ಮರಳುಕಾಗದದ ಕೆಲಸ ಮಾಡುತ್ತದೆ. ಡ್ರೈವರುಗಳು ಹೊಳಪಿಗೆ ಅಂತ ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ಒರೆಸುವುದೂ ಉಂಟು. ಆ ಹೊಳಪು ಎಣ್ಣೆಯದು, ಮಧ್ಯಾಹ್ನದೊಳಗೆ ಧೂಳನ್ನೆಲ್ಲ ಹಿಡಿದುಕೊಳ್ಳುತ್ತದೆ.

ತೊಳೆಯುವಾಗ ಮೊದಲು ಬರೀ ನೀರು ಹಾಯಿಸಿ ಮರಳು ಇಳಿಸಿ. ಆಮೇಲೆ ಎರಡು ಬಕೆಟ್, ಒಂದರಲ್ಲಿ ಕಾರ್ ಶಾಂಪೂ, ಇನ್ನೊಂದರಲ್ಲಿ ಕೈಗವಸು ಜಾಲಿಸಲು ಬರೀ ನೀರು. ಮೇಲಿಂದ ಕೆಳಗೆ ಬನ್ನಿ, ಚಕ್ರದ ಪಕ್ಕದ ಭಾಗ ಕೊನೆಗೆ. ನೀರು ಬೋರ್‌ವೆಲ್‌ದಾದರೆ ಬಿಸಿಲಲ್ಲಿ ಆರಲು ಬಿಡಬೇಡಿ. ಹನಿ ಆರಿದ ಜಾಗದಲ್ಲಿ ಸುಣ್ಣದ ಉಂಗುರ ಉಳಿದು, ದಿನ ಕಳೆದಂತೆ ಬಣ್ಣವನ್ನು ಕೊರೆಯುತ್ತದೆ. ಕಾವೇರಿ ನೀರಿನಲ್ಲಿ ಈ ಕಾಟ ಕಡಿಮೆ. ಬೋರ್‌ವೆಲ್ ಒಂದೇ ಗತಿಯಾದರೆ ಕೊನೆಯ ಸುತ್ತಿಗೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಎರಡು ಲೀಟರ್ ಸ್ಪ್ರೇ ಬಾಟಲಿಯಲ್ಲಿ ತುಂಬಿ ಹೊಡೆದು ಒರೆಸಿ, ಅಷ್ಟು ಸಾಕು.

ತೊಳೆದು ಆರಿದ ಮೇಲೆ ಕೈಗೆ ತೆಳು ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಬಾನೆಟ್ ಸವರಿ. ಬರಿಗೈಗೆ ನುಣುಪಾಗಿ ಕಂಡದ್ದು ಈಗ ರವೆ ಚೆಲ್ಲಿದಂತೆ ತರಿತರಿಯಾಗಿ ಸಿಗುತ್ತದೆ. ಬಣ್ಣಕ್ಕೆ ಕಚ್ಚಿದ ಕಬ್ಬಿಣದ ಪುಡಿ, ಮರದ ಅಂಟು, ಸಿಮೆಂಟ್ ಧೂಳು ಅದು. ಇದನ್ನು ಎಳೆದು ತೆಗೆಯಲು ಕ್ಲೇ, ಅಂದರೆ ಜೇಡಿಮಣ್ಣಿನಂಥ ಮೆತ್ತನೆಯ ಮುದ್ದೆ, ಸಿಗುತ್ತದೆ. ಅದರ ತುಂಡನ್ನು ಚಪ್ಪಟೆ ಮಾಡಿ, ಜಾರುವ ದ್ರವ ಧಾರಾಳವಾಗಿ ಸಿಂಪಡಿಸಿ, ಒತ್ತದೆ ನೇರ ಗೆರೆಯಲ್ಲಿ ಓಡಿಸಿ. ನೆಲಕ್ಕೆ ಬಿದ್ದ ಕ್ಲೇ ಕಸದ ಬುಟ್ಟಿಗೆ, ಯೋಚನೆಯೇ ಬೇಡ. ಸುಣ್ಣದ ಪುಡಿಯಂತೆ ಮಾಸಿದ ಒಂದೇ ಪದರದ ಬಣ್ಣಕ್ಕೆ ಕ್ಲೇ ಬೇಡ, ಆ ಪುಡಿ ಕ್ಲೇಗೆ ಮೆತ್ತಿಕೊಂಡು ತುಂಡು ಹಾಳಾಗುತ್ತದೆ ಅಷ್ಟೆ.

ಮಾಸಿದ ಎನ್‌ಸಿ: ಇಲ್ಲಿ ಅವಸರ ಬೇಡ

ಕೆಂಪು ಕಾರು ಗುಲಾಬಿ ಬಣ್ಣಕ್ಕೆ ತಿರುಗಿದ್ದನ್ನು ನೋಡಿರುತ್ತೀರಿ. ಬಿಸಿಲಿನ ಅತಿನೇರಳೆ ಕಿರಣ ಬಣ್ಣವನ್ನು ಹಿಡಿದಿಟ್ಟ ರಾಳವನ್ನು ಒಡೆಯುತ್ತದೆ, ಮೇಲ್ಮೈಯಲ್ಲಿ ಬಣ್ಣದ ಪುಡಿ ಸಡಿಲವಾಗಿ ನಿಲ್ಲುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಹವೆ ತಂಪಾಗಿದ್ದರೂ ಬಿಸಿಲಿನ ಈ ಪೆಟ್ಟು ಕಡಿಮೆಯೇನಿಲ್ಲ. ಗ್ಯಾರೇಜಿನಲ್ಲಿ ಇದಕ್ಕೆ ಸಿಗುವ ಉತ್ತರ ರಬ್ಬಿಂಗ್. ಅರ್ಧ ಗಂಟೆಯಲ್ಲಿ ಕಾರು ಕೆಂಪಗೆ ಮಿಂಚುತ್ತದೆ ನಿಜ, ಆದರೆ ಆ ಅರ್ಧ ಗಂಟೆ ತಿಂದ ಬಣ್ಣ ಸಣ್ಣದಲ್ಲ.

ಗ್ಲೇಜ್ ದಾರಿ ನಿಧಾನ, ಆದರೆ ಬಣ್ಣ ಉಳಿಸುತ್ತದೆ. ಒಣಗಿದ ಬಣ್ಣಕ್ಕೆ ಎಣ್ಣೆ ಕುಡಿಸುವುದೇ ಇದರ ತತ್ವ. ಮೆಗ್ವಾಯರ್ಸ್ ನಂಬರ್ 7 ಇದಕ್ಕೆ ಹೆಸರಾದದ್ದು. ಮೆತ್ತನೆಯ ಟರ್ಕಿ ಟವೆಲ್ ತುಂಡಿಗೆ ಧಾರಾಳವಾಗಿ ಹಾಕಿಕೊಂಡು, ಒಂದು ಪ್ಯಾನೆಲ್ ಹಿಡಿದು ಉಜ್ಜಿ. ಬಟ್ಟೆಗೆ ಬಣ್ಣ ಬರುತ್ತದೆ, ಅದು ಸತ್ತ ಪುಡಿ, ಹೆದರಬೇಡಿ. ಬಟ್ಟೆಯ ಮಡಿಕೆ ಬದಲಿಸುತ್ತಾ ಹೋಗಿ. ಒರೆಸಿದ ಮೇಲೆ ಇನ್ನೊಂದು ದಪ್ಪ ಕೋಟು ಹಚ್ಚಿ ರಾತ್ರಿಯಿಡೀ ನೆರಳಲ್ಲಿ ಬಿಡಿ. ಬೆಳಗ್ಗೆ ನೋಡಿದರೆ ಕೆಲವು ಕಡೆ ಎಣ್ಣೆ ಹಾಗೇ ನಿಂತಿರುತ್ತದೆ, ಕೆಲವು ಕಡೆ ಇಂಗಿ ಹೋಗಿರುತ್ತದೆ. ಇಂಗಿದ ಜಾಗ ಹೆಚ್ಚು ಒಣಗಿತ್ತು ಎಂದರ್ಥ, ಅಲ್ಲಿಗೆ ಇನ್ನೊಂದು ಸಲ. ಇದಾದ ಮೇಲೆಯೇ ನುಣ್ಣನೆಯ ಪಾಲಿಶ್.

ಮಷೀನ್ ಬಳಸುವುದಾದರೆ ಕಂಪಿಸುತ್ತಾ ತಿರುಗುವ ಡಿಎ ಮಷೀನ್ ಕಲಿಯುವವರಿಗೆ ಕ್ಷೇಮ. ಒಂದೇ ದಿಕ್ಕಿಗೆ ಸುತ್ತುವ ರೋಟರಿ ಒಂದು ಜಾಗದಲ್ಲಿ ಎರಡು ಕ್ಷಣ ಹೆಚ್ಚು ನಿಂತರೆ ಏಣಿನ ಮೇಲಿನ ಬಣ್ಣ ಹೋಗಿ ಪ್ರೈಮರ್ ಕಾಣುತ್ತದೆ. ಮೃದು ಫೋಮ್ ಪ್ಯಾಡಿಗೆ ಬಟಾಣಿ ಗಾತ್ರದ ಮೂರ್ನಾಲ್ಕು ಹನಿ, ಒಂದೂವರೆ ಅಡಿ ಚೌಕದ ಜಾಗ, ಮಷೀನಿನ ವೇಗದ ಡಯಲ್ 4ರಲ್ಲಿ, ಅಡ್ಡ ಉದ್ದ ನಾಲ್ಕು ಸುತ್ತು. ಪ್ಯಾಡ್ ಬೇಗ ಕಟ್ಟಿಕೊಳ್ಳುತ್ತದೆ, ಪ್ರತಿ ಚೌಕಕ್ಕೂ ಬ್ರಷ್‌ನಿಂದ ಬಿಡಿಸಿ. ಮುಂಗೈ ಬೆನ್ನನ್ನು ಪ್ಯಾನೆಲ್‌ಗೆ ತಾಗಿಸಿ ನೋಡುತ್ತಿರಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಬಿಸಿಯಾದರೆ ಎನ್‌ಸಿ ಮೆತ್ತಗಾಗಿ ಪುಡಿ ಅದರೊಳಗೇ ಹೂತುಕೊಳ್ಳುತ್ತದೆ. ಏಣು, ಅಂಚುಗಳಿಗೆ ಮುಂಚೆಯೇ ಪೇಂಟರ್ ಟೇಪ್ ಅಂಟಿಸಿ, ಅಲ್ಲಿ ಕೈಯಿಂದಲೇ ಮುಗಿಸಿ.

ಪಾಲಿಶ್ ಎಣ್ಣೆ ತೆಗೆಯಲು ಐಸೊಪ್ರೊಪೈಲ್ ಆಲ್ಕೋಹಾಲ್ ಹೊಡೆಯುವುದು ಪಿಯು ಬಣ್ಣಕ್ಕೆ ನಡೆಯುತ್ತದೆ. ಎನ್‌ಸಿಗೆ ಬೇಡ, ಆಲ್ಕೋಹಾಲ್ ಆ ಪದರವನ್ನು ಮೆತ್ತಗಾಗಿಸಬಹುದು. ಅದೂ ಅಲ್ಲದೆ, ಕಷ್ಟಪಟ್ಟು ಕುಡಿಸಿದ ಎಣ್ಣೆಯನ್ನು ಮತ್ತೆ ಹೊರಗೆಳೆಯುವುದು ಯಾಕೆ?

ವ್ಯಾಕ್ಸ್ ಆಯ್ಕೆ

ಕಾರ್ನೌಬಾ ಅಂದರೆ ಈಶಾನ್ಯ ಬ್ರೆಜಿಲ್‌ನಲ್ಲಿ ಬೆಳೆಯುವ ಒಂದು ತಾಳೆಯ ಎಲೆಯಿಂದ ತೆಗೆಯುವ ಮೇಣ. ಕರಗುವುದು 82ರಿಂದ 86 ಡಿಗ್ರಿಯಲ್ಲಿ. ಜೇನುಮೇಣ 62ರಿಂದ 64ಕ್ಕೇ ಕರಗುತ್ತದೆ. ಶುದ್ಧ ಕಾರ್ನೌಬಾ ಇಟ್ಟಿಗೆಯಂತೆ ಗಟ್ಟಿ, ಹಚ್ಚಲು ಬರುವುದೇ ಇಲ್ಲ. ಹಾಗಾಗಿ '100% ಕಾರ್ನೌಬಾ' ಅಂತ ಬರೆದ ಮೆತ್ತನೆಯ ಪೇಸ್ಟ್‌ನಲ್ಲೂ ಎಣ್ಣೆ, ದ್ರಾವಕ, ಬೇರೆ ಮೇಣ ಇದ್ದೇ ಇರುತ್ತವೆ. ಏಪ್ರಿಲ್ ಬಿಸಿಲಲ್ಲಿ ಕಪ್ಪು ಬಾನೆಟ್ 60 ಡಿಗ್ರಿ ದಾಟುತ್ತದೆ. ಎಣ್ಣೆ, ಜೇನುಮೇಣ ಹೆಚ್ಚಿರುವ ಪೇಸ್ಟ್ ಆಗ ಜಿಗುಟಾಗಿ ಧೂಳು ಹಿಡಿಯುತ್ತದೆ. ಬಿಸಿಲಲ್ಲಿ ನಿಲ್ಲುವ ಗಾಢ ಬಣ್ಣದ ಕಾರಿಗೆ ಡಬ್ಬಿಯಲ್ಲಿ ಗಟ್ಟಿಯಾಗಿರುವ ಪೇಸ್ಟೇ ಮೇಲು.

ಕಾರ್ನೌಬಾ ಬಾಳಿಕೆ ಆರರಿಂದ ಎಂಟು ವಾರ, ಮಳೆಗಾಲದಲ್ಲಿ ಇನ್ನೂ ಕಡಿಮೆ. ಮೇಣದ ಬದಲು ಹಚ್ಚುವ ಸಿಂಥೆಟಿಕ್ ಸೀಲೆಂಟ್ ನಾಲ್ಕರಿಂದ ಆರು ತಿಂಗಳು ತಡೆಯುತ್ತದೆ, ಹೊಳಪು ಮಾತ್ರ ಕನ್ನಡಿಯಂತೆ ಚೂಪು. ಒಂದೇ ಪದರದ ಹಳೇ ಕಡುಕೆಂಪು, ಕಪ್ಪು, ಬಾಟಲ್ ಹಸಿರಿಗೆ ಕಾರ್ನೌಬಾದ ಆಳವೇ ಹೊಂದುತ್ತದೆ. ಶೆಡ್ಡಿನಲ್ಲಿದ್ದು ಭಾನುವಾರ ಹೊರಬರುವ ಕಾರಿಗೆ ಕಾರ್ನೌಬಾ, ದಿನಾ ರಸ್ತೆಯಲ್ಲಿ ನಿಲ್ಲುವ ಪಿಯು ಬಣ್ಣದ ಬಿಳಿ ಅಂಬಾಸಿಡರಿಗೆ ಸೀಲೆಂಟ್. ಸೆರಾಮಿಕ್ ಕೋಟಿಂಗ್ ಮೂಲ ಎನ್‌ಸಿ ಮೇಲೆ ಬೇಡವೇ ಬೇಡ: ಒಮ್ಮೆ ಕೂತರೆ ಉಜ್ಜಿಯೇ ತೆಗೆಯಬೇಕು, ಉಜ್ಜಲು ಅಲ್ಲಿ ಬಣ್ಣವೇ ಉಳಿದಿಲ್ಲ. ಮುಂದೆ ಪೇಂಟ್ ಕೆಲಸ ಇದ್ದರೆ ಸಿಲಿಕೋನ್ ಇರುವುದನ್ನೂ ದೂರವಿಡಿ. ಚೂರು ಉಳಿದರೂ ಹೊಸ ಬಣ್ಣ ಅಲ್ಲಲ್ಲಿ ಕೂರದೆ ಮೀನಿನ ಕಣ್ಣಿನಂಥ ಗುಳಿ ಬೀಳುತ್ತದೆ. ಹೊಸದಾಗಿ ಬಣ್ಣ ಹೊಡೆಸಿದ ಕಾರಿಗೆ 60 ದಿನ ಯಾವ ವ್ಯಾಕ್ಸೂ ಬೇಡ, ಒಳಗಿನ ಥಿನ್ನರ್ ಆರಿ ಹೋಗಲು ದಾರಿ ಬೇಕು.

ಹಚ್ಚುವಾಗ ನೆರಳು, ತಣ್ಣಗಿನ ಪ್ಯಾನೆಲ್. ಇಡೀ ಕಾರಿಗೆ 15ರಿಂದ 20 ಗ್ರಾಂ ಸಾಕು. ನೋಡಿದರೆ ಹಚ್ಚಿದ್ದೇ ಕಾಣದಷ್ಟು ತೆಳುವಾಗಿರಬೇಕು. ಹತ್ತು ಹದಿನೈದು ನಿಮಿಷ ಬಿಟ್ಟು ಬೆರಳಿಂದ ಒಂದು ಗೆರೆ ಎಳೆಯಿರಿ. ಗೆರೆ ಸ್ವಚ್ಛವಾಗಿ ಬಿದ್ದು ಕೆಳಗೆ ಹೊಳಪು ಕಂಡರೆ ಒರೆಸುವ ಹೊತ್ತು, ಬೆಣ್ಣೆಯಂತೆ ಸವರಿಕೊಂಡರೆ ಇನ್ನೂ ಕಾಯಿರಿ. ಎರಡನೇ ಕೋಟು ಮರುದಿನ. ಅದು ಮೊದಲ ಸಲ ತಪ್ಪಿದ ಜಾಗ ಮುಚ್ಚಲು, ದಪ್ಪ ಮಾಡಲು ಅಲ್ಲ. ಒರೆಸಲು ಬಾರದಂತೆ ಒಣಗಿ ಹೋದರೆ ಅದೇ ವ್ಯಾಕ್ಸನ್ನು ಮೇಲೆ ತುಸು ಸವರಿ ಕೂಡಲೇ ಒರೆಸಿ, ಹಳೆಯದೂ ಸಡಿಲವಾಗಿ ಬರುತ್ತದೆ.

ವರ್ಷಕ್ಕೆ ಮೂರು ಸಲ ಮುಖ್ಯ: ಮೇ ಕೊನೆಗೆ ಮುಂಗಾರಿಗೆ ಮುಂಚೆ, ಆಯುಧಪೂಜೆಗೆ ಒಂದು ವಾರ ಮುಂಚೆ, ಮತ್ತೆ ಸಂಕ್ರಾಂತಿ ಹೊತ್ತಿಗೆ. ಆಯುಧಪೂಜೆ ಸುಮ್ಮನೆ ಹೇಳಿದ್ದಲ್ಲ. ಬಾನೆಟ್ ಮೇಲೆ ಹಚ್ಚುವ ಅರಿಶಿನ ಕುಂಕುಮ ವ್ಯಾಕ್ಸಿಲ್ಲದ ಬಿಳಿ ಎನ್‌ಸಿಯೊಳಗೆ ಇಳಿದರೆ ಪಾಲಿಶ್‌ಗೂ ಪೂರ್ತಿ ಬರುವುದಿಲ್ಲ. ವ್ಯಾಕ್ಸ್ ಇದ್ದರೆ, ಅದೇ ಸಂಜೆ ಒದ್ದೆ ಬಟ್ಟೆಗೆ ಬರುತ್ತದೆ. ನಿಂಬೆರಸ ಸಿಡಿದಿದ್ದರೆ ಮೊದಲು ನೀರು ಹಾಯಿಸಿ, ಬಾಳೆಕಂದು ಕಟ್ಟುವ ಹಗ್ಗದ ಕೆಳಗೆ ಬಟ್ಟೆ ಕೊಡಿ. ಹಕ್ಕಿ ಹಿಕ್ಕೆಯನ್ನು ಒಣಗಿದಾಗ ಕೆರೆಯಬಾರದು, ಒದ್ದೆ ಬಟ್ಟೆಯನ್ನು ಐದು ನಿಮಿಷ ಮೇಲಿಟ್ಟು ನೆನೆಸಿ ಎತ್ತಿ.

ಕೆಲಸ ಮುಗಿದ ಮೇಲೆ ಮೈಕ್ರೋಫೈಬರ್ ಬಟ್ಟೆಗಳನ್ನು ಬೇರೆಯಾಗಿಯೇ ಒಗೆಯಿರಿ. ಹತ್ತಿ ಬಟ್ಟೆಯ ಜೊತೆ ಹಾಕಿದರೆ ನೂಲುಚೂರು ಕಚ್ಚುತ್ತದೆ. ಬಟ್ಟೆ ಮೃದುವಾಗಲು ಹಾಕುವ ಕಂಡೀಷನರ್ ಸೇರಿಸಿದರೆ ಮುಂದಿನ ಸಲ ಒರೆಸಿದಾಗ ಬಾನೆಟ್ ಮೇಲೆ ಮಬ್ಬು ಪಟ್ಟೆ ಏಳುತ್ತದೆ. ಪಾಲಿಶ್‌ಗೆ ಬಳಸಿದ ಬಟ್ಟೆ ಮತ್ತೆ ವ್ಯಾಕ್ಸಿಗೆ ಬರದಂತೆ ಮೂಲೆಗೊಂದು ಬಣ್ಣದ ದಾರದ ಹೊಲಿಗೆ ಹಾಕಿಡಿ.