ಬಂಡೆ ಬಿರಿಯುವುದು ಬಿಸಿಲಿಗೋ, ನೀರಿಗೋ?

ರಾಮನಗರದ ಕಡೆ ಬೆಟ್ಟ ಹತ್ತಿದವರು ನೋಡಿರುತ್ತೀರಿ. ಬಂಡೆಯ ಮೈ ಅಲ್ಲಲ್ಲಿ ಈರುಳ್ಳಿ ಸಿಪ್ಪೆಯ ಹಾಗೆ ಪದರ ಪದರವಾಗಿ ಎದ್ದಿರುತ್ತದೆ. ಕಲ್ಲಿನಿಂದ ತಟ್ಟಿದರೆ ಆ ಪದರ ಪೊಳ್ಳಾಗಿ ಸದ್ದು ಮಾಡುತ್ತದೆ. ಮೇಲೆ ಯಾರೂ ಭಾರ ಹೇರಿಲ್ಲ, ಭೂಕಂಪವೂ ಆಗಿಲ್ಲ. ಹಾಗಾದರೆ ಬಿರುಕು ಬಿಟ್ಟಿದ್ದು ಹೇಗೆ?

ಮೊದಲು ಎಲ್ಲರೂ ಕೈ ತೋರಿಸಿದ್ದು ಬಿಸಿಲಿನ ಕಡೆಗೆ. ಹಗಲು ಕಾದ ಕಲ್ಲು ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ, ಕೊನೆಗೆ ಸೀಳುತ್ತದೆ. ಶಾಖದ ಬಲ ನಮ್ಮ ಕಲ್ಲುಕುಟಿಗರಿಗೆ ಚೆನ್ನಾಗಿ ಗೊತ್ತಿತ್ತು. ಬೆಂಗಳೂರಿನ ಕಲ್ಲು ಕೆಲಸದ ಬಗ್ಗೆ 1895ರ ಒಂದು ವರದಿ ಇದೆ. ಬಂಡೆಯ ಮೇಲೆ ಸಾಲಾಗಿ ಸೌದೆ ಉರಿಸಿ, ಬೆಂಕಿಯನ್ನು ನಿಧಾನಕ್ಕೆ ಮುಂದೆ ಸರಿಸುತ್ತಿದ್ದರು. ಸುತ್ತಿಗೆಯಿಂದ ತಟ್ಟಿ, ಸದ್ದು ಕೇಳಿಯೇ ಚಪ್ಪಡಿ ಎಲ್ಲಿವರೆಗೆ ಎದ್ದಿದೆ ಅಂತ ಹೇಳುತ್ತಿದ್ದರು. ಎಂಥ ಕಿವಿ ಅವರದು!

ಆದರೆ ಬಿಸಿಲು ಬೆಂಕಿಯಷ್ಟು ಸುಡುವುದಿಲ್ಲ ಅಲ್ವಾ? 1916ರಲ್ಲಿ ಈಜಿಪ್ಟಿನ ಹಳೇ ಸ್ಮಾರಕಗಳ ಬಗ್ಗೆ ಬರೆದ ಭೂವಿಜ್ಞಾನಿ ಡೊನಾಲ್ಡ್ ಬಾರ್ಟನ್ ಅವರಿಗೆ ಕಂಡಿದ್ದೇ ಬೇರೆ. ಬಿಸಿಲಿಗೆ ಮೈಯೊಡ್ಡಿದ ಕಡೆಗಿಂತ, ನೆರಳಲ್ಲಿದ್ದು ತೇವ ಉಳಿಯುವ ಕಡೆಯೇ ಕಲ್ಲು ಜಾಸ್ತಿ ಹಾಳಾಗಿತ್ತು.

ಇದನ್ನು ಪರೀಕ್ಷಿಸಲು ಅಮೆರಿಕದ ಭೂವಿಜ್ಞಾನಿ ಡೇವಿಡ್ ಗ್ರಿಗ್ಸ್ ಹೊರಟರು. ನಯ ಮಾಡಿದ ಗ್ರಾನೈಟ್ ತುಂಡನ್ನು ಐದು ನಿಮಿಷ ಕಾಯಿಸುವುದು, ಹತ್ತು ನಿಮಿಷ ಒಣ ಗಾಳಿಗೆ ಆರಿಸುವುದು. ಹೀಗೆ 89,400 ಸಲ! 244 ವರ್ಷಗಳ ಹಗಲು ರಾತ್ರಿಯನ್ನು ಆ ಕಲ್ಲು ಕಂಡ ಹಾಗಾಯಿತು. ಆದರೂ ಸೂಕ್ಷ್ಮದರ್ಶಕದಲ್ಲಿ ಒಂದು ಬಿರುಕೂ ಕಾಣಲಿಲ್ಲ. ಆಮೇಲೆ ಗಾಳಿಯ ಬದಲು ನೀರು ಚಿಮುಕಿಸಿ ತಣಿಸಿದರು. ಬರೀ ಹತ್ತು ದಿನದಲ್ಲಿ, ಅಂದರೆ ಎರಡೂವರೆ ವರ್ಷದ ಲೆಕ್ಕದಲ್ಲಿ, ಹೊಳಪು ಹೋಯಿತು, ಬಿರುಕು ಶುರುವಾಯಿತು. 1936ರಲ್ಲಿ ಪ್ರಕಟವಾದ ಈ ಪ್ರಯೋಗದ ನಂತರ ಬಿಸಿಲಿನ ವಾದ ದಶಕಗಳ ಕಾಲ ಮೂಲೆಗೆ ಸರಿಯಿತು. ನನಗೆ ಇದು ಸ್ವಲ್ಪ ಅವಸರ ಅನಿಸುತ್ತದೆ. ಗ್ರಿಗ್ಸ್ ಇಟ್ಟಿದ್ದು ಚಿಕ್ಕ ತುಂಡು, ಹಿಗ್ಗಲು ಅದಕ್ಕೆ ಸುತ್ತಲೂ ಜಾಗ ಇತ್ತು. ಬೆಟ್ಟದ ಬಂಡೆಗೆ ಆ ಅವಕಾಶ ಎಲ್ಲಿದೆ?

ಗಂಟು ಸಡಿಲಾಗಿದ್ದು ಕಲ್ಲಿನಿಂದ ಅಲ್ಲ, ಗಾಜಿನಿಂದ. ಭಾರ ಹೊತ್ತ ಗಾಜು ತಕ್ಷಣ ಒಡೆಯದೆ, ಎಷ್ಟೋ ಹೊತ್ತಿನ ಮೇಲೆ ಒಡೆಯುವುದುಂಟು. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಬಿರುಕು ಬೇಗ ಓಡುತ್ತದೆ ಅಂತ 1967ರಲ್ಲಿ ಅಮೆರಿಕದ ವಿಜ್ಞಾನಿ ಶೆಲ್ಡನ್ ವೀಡರ್‌ಹಾರ್ನ್ ಅಳೆದು ತೋರಿಸಿದರು. ಬಿರುಕಿನ ತುದಿಯಲ್ಲಿ ಸಿಲಿಕಾನ್ ಮತ್ತು ಆಮ್ಲಜನಕದ ಬೆಸುಗೆ ಬಿಗಿಯಾಗಿ ಎಳೆದುಕೊಂಡಿರುತ್ತದೆ. ನೀರಿನ ಒಂದು ಅಣು ಅಲ್ಲಿಗೆ ನುಗ್ಗಿದರೆ ಸಾಕು, ಬೆಸುಗೆ ಬಿಡುತ್ತದೆ. ಬಿರುಕು ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಮತ್ತೆ ಮುಂದಿನ ಬೆಸುಗೆ.

ಗ್ರಾನೈಟಿನ ಬೆಣಚುಕಲ್ಲಿನಲ್ಲೂ ಇರುವುದು ಇದೇ ಬೆಸುಗೆ. 1970, 80ರ ದಶಕಗಳಲ್ಲಿ ಬಂಡೆಗಳ ಮೇಲೂ ಅಳತೆ ನಡೆಯಿತು. ಸೆಕೆಂಡಿಗೆ ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಭಾಗ ಮಾತ್ರ ಸರಿಯುವ ಬಿರುಕು ಸಿಕ್ಕಿತು. ಏನೇನೂ ಅಲ್ಲ ಅನಿಸುತ್ತದೆ. ಆದರೆ ಅದೇ ವೇಗ ಉಳಿದರೆ ವರ್ಷಕ್ಕೆ ಮೂರು ಸೆಂಟಿಮೀಟರ್, ಮೂವತ್ತು ವರ್ಷಕ್ಕೆ ಹತ್ತಿರ ಹತ್ತಿರ ಒಂದು ಮೀಟರ್.

ಈಗ ಬಿಸಿಲೂ ವಾಪಸ್ ಬಂದಿದೆ. ಅಮೆರಿಕದ ಯೊಸೆಮಿಟಿ ಕಣಿವೆಯ ಕಡಿದಾದ ಬಂಡೆಯೊಂದರಲ್ಲಿ 19 ಮೀಟರ್ ಎತ್ತರದ ತೆಳು ಪದರಕ್ಕೆ ಅಳತೆಯ ಉಪಕರಣ ಕೂರಿಸಿ ನೋಡಿದರು. ಬಿಸಿಲೇರಿದಾಗ ಅದು ಒಂದು ಸೆಂಟಿಮೀಟರಿನವರೆಗೂ ಹೊರಬಾಗಿ, ರಾತ್ರಿ ಮತ್ತೆ ಒಳಗೆ ಹೋಗುತ್ತಿತ್ತು. ವರ್ಷ ಕಳೆದಂತೆ ಪೂರ್ತಿ ಒಳಗೆ ಹೋಗಲೇ ಇಲ್ಲ. ಅಲ್ಲಿನದೇ ಉತ್ತರ ಕೆರೊಲಿನಾ ರಾಜ್ಯದಲ್ಲಿ ಭೂವಿಜ್ಞಾನಿ ಮಾರ್ಥಾ ಕ್ಯಾರಿ ಎಪ್ಪೆಸ್ ಮತ್ತು ಜೊತೆಗಾರರು ಗ್ರಾನೈಟ್ ಗುಂಡುಕಲ್ಲಿಗೆ ಸಂವೇದಕ ಅಂಟಿಸಿ, ಅದು ಒಳಗೊಳಗೇ ಬಿರಿಯುವ ಸದ್ದನ್ನು ತಿಂಗಳುಗಟ್ಟಲೆ ಕೇಳಿಸಿಕೊಂಡರು. ಸದ್ದು ಜಾಸ್ತಿ ಬಂದದ್ದು ಸೂರ್ಯ ಮುಳುಗುವ ಹೊತ್ತಿನಲ್ಲಿ, ಹವಾಮಾನ ದಿಢೀರ್ ಬದಲಾದಾಗ. ಎಳೆದು ಹಿಡಿಯುವುದು ಬಿಸಿಲು, ಬಿಡಿಸುವುದು ನೀರು.

ಇಷ್ಟಾದರೂ ಕಲ್ಲಿನ ಗಟ್ಟಿತನ ನೋಡುವ ರೂಢಿಯ ಪರೀಕ್ಷೆ ಇವತ್ತಿಗೂ ಕೆಲವೇ ನಿಮಿಷದ್ದು. ಒಂದು ತುಂಡನ್ನು ಯಂತ್ರದಲ್ಲಿಟ್ಟು ಒತ್ತುತ್ತಾರೆ, ಎಷ್ಟು ಭಾರಕ್ಕೆ ಒಡೆಯಿತು ಅಂತ ಬರೆದುಕೊಳ್ಳುತ್ತಾರೆ. ಬೆಟ್ಟದ ಬುಡ ಕಡಿದ ಮೇಲೆ ಅಲ್ಲಿ ಉಳಿದ ಬಂಡೆ ಎಷ್ಟೋ ಮಳೆಗಾಲ ನಿಂತಿರಬೇಕು. ಅದರ ಪದರ ಎಲ್ಲಿವರೆಗೆ ಎದ್ದಿದೆ ಅಂತ ವರ್ಷಕ್ಕೊಮ್ಮೆಯಾದರೂ ತಟ್ಟಿ ಕೇಳುವವರು ಬೇಕು.