ಬೆಲ್‌ಗ್ರೇಡ್ ಕೋಟೆ ಕಟ್ಟಿಸಿದವನು ಯಾರ ಕಡೆಯವನು?

ಡಿಗ್ರಿ ಕ್ಲಾಸಿನಲ್ಲಿ ಒಟ್ಟೋಮನ್ನರ, ಅಂದರೆ ತುರ್ಕರ ಪಾಠ ಬಂದಾಗೆಲ್ಲ ನಾನು ಬೋರ್ಡಿನ ಮೇಲೆ ಮೊದಲು ಡ್ಯಾನ್ಯೂಬ್ ನದಿಯ ಗೆರೆ ಎಳೆಯುತ್ತೇನೆ. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಪ್ರಶ್ನೆ ಬಂದಿರುತ್ತದೆ. "ಸರ್, ಯೂರೋಪಿನವರಿಗೆ ಒಗ್ಗಟ್ಟಿದ್ದಿದ್ರೆ ತುರ್ಕರು ಒಳಗೆ ಬರ್ತಾನೇ ಇರ್ಲಿಲ್ಲ, ಅಲ್ವಾ?"

ಒಗ್ಗಟ್ಟಿರಲಿಲ್ಲ ಅಂದುಬಿಟ್ಟರೆ ಪರೀಕ್ಷೆಗೆ ಸಾಕು, ಆದರೆ ಅದು ಸೋಮಾರಿ ಉತ್ತರ. ಅದಕ್ಕೇ ಸ್ಟೆಫಾನ್ ಲಾಜರೆವಿಚ್‌ನ ಕಥೆ ಹೇಳುತ್ತೇನೆ.

ಸರ್ಬಿಯಾದ ಈ ಹುಡುಗನ ಅಪ್ಪ ಲಾಜರ್ ಸತ್ತಿದ್ದು 1389ರ ಕೊಸೊವೊ ಕಾಳಗದಲ್ಲಿ, ಒಟ್ಟೋಮನ್ನರ ವಿರುದ್ಧ ಹೋರಾಡುತ್ತಾ. ಆಮೇಲೆ ಮನೆಮಗಳು ಒಲಿವೆರಾಳನ್ನು ಸುಲ್ತಾನ ಬಯಜೀದನಿಗೇ ಕೊಟ್ಟರು. ಸ್ಟೆಫಾನ್ ಸಾಮಂತನಾದ. ಸುಲ್ತಾನ ಕರೆದಾಗ ದಂಡು ಕಟ್ಟಿಕೊಂಡು ಹೋಗಬೇಕು, ಅಷ್ಟೇ.

1396ರಲ್ಲಿ ಕರೆ ಬಂತು. ಹಂಗೇರಿಯ ದೊರೆ ಸಿಗಿಸ್ಮಂಡ್ ಫ್ರಾನ್ಸ್, ಬರ್ಗಂಡಿಯ ಕುದುರೆ ಸರದಾರರನ್ನೆಲ್ಲ ಸೇರಿಸಿಕೊಂಡು ತುರ್ಕರ ಮೇಲೆ ಯುದ್ಧಕ್ಕೆ ಡ್ಯಾನ್ಯೂಬ್ ದಡದ ನಿಕೊಪೊಲಿಸ್‌ಗೆ ಬಂದಿದ್ದ. ವಲಾಕಿಯಾದವರು (ಈಗಿನ ರೊಮೇನಿಯಾದ ಕಡೆಯವರು) ಮುಂದೆ ಹೋಗಲಿ, ಅವರಿಗೆ ತುರ್ಕರ ವರಸೆ ಗೊತ್ತು ಅಂತ ಅವನು ಹೇಳಿದರೂ ಫ್ರೆಂಚರು ಕೇಳಲಿಲ್ಲ, ಮರ್ಯಾದೆಯ ಪ್ರಶ್ನೆ ನೋಡಿ. ತಾವೇ ನುಗ್ಗಿ, ತುರ್ಕರು ನೆಲದಲ್ಲಿ ನೆಟ್ಟಿದ್ದ ಚೂಪು ಗೂಟಗಳ ನಡುವೆ ಸಿಕ್ಕಿಬಿದ್ದರು. ಹಂಗೇರಿಯ ಪಡೆ ಇನ್ನೂ ಕಾದಾಡುತ್ತಿದ್ದಾಗ ಅದರ ಮೇಲೆ ಬಂದೆರಗಿದ್ದು ಸ್ಟೆಫಾನನ ಸರ್ಬ್ ಕುದುರೆ ದಂಡು. ಸಿಗಿಸ್ಮಂಡ್ ದೋಣಿ ಹತ್ತಿ ತಪ್ಪಿಸಿಕೊಂಡ.

1402ರಲ್ಲಿ ಅಂಕಾರಾದಲ್ಲಿ ತೈಮೂರ್ ಬಯಜೀದನನ್ನು ಸೆರೆಹಿಡಿದ. ಒಟ್ಟೋಮನ್ನರ ಹಿಡಿತ ಸಡಿಲವಾದದ್ದೇ ತಡ, ಸ್ಟೆಫಾನ್ ಅದೇ ಸಿಗಿಸ್ಮಂಡನ ಕಡೆ ಬಂದ. ಸಿಗಿಸ್ಮಂಡನೂ ಹಳೆಯದನ್ನು ಕೆದಕದೆ ಡ್ಯಾನ್ಯೂಬ್ ದಡದ ಬೆಲ್‌ಗ್ರೇಡ್ ಕೊಟ್ಟ! ಸ್ಟೆಫಾನ್ ಅಲ್ಲಿ ಭಾರೀ ಗೋಡೆ, ಬುರುಜು ಕಟ್ಟಿಸಿ ರಾಜಧಾನಿ ಮಾಡಿಕೊಂಡ. 1427ರಲ್ಲಿ ಅವನು ತೀರಿಕೊಂಡಾಗ ಕೋಟೆ ಮತ್ತೆ ಹಂಗೇರಿಯ ಕೈಗೆ ಬಂತು.

ಅವನ ನಂತರ ಸರ್ಬಿಯಾ ಆಳಿದ ಸೋದರಳಿಯ ಬ್ರಾಂಕೊವಿಚ್‌ದೂ ಇದೇ ಲೆಕ್ಕಾಚಾರ. ಕಳೆದುಕೊಂಡ ನೆಲ 1444ರಲ್ಲಿ ಸುಲ್ತಾನನ ಜೊತೆಗಿನ ಒಪ್ಪಂದದಿಂದ ವಾಪಸ್ ಸಿಕ್ಕಿತ್ತು, ಹಾಗಾಗಿ ಒಟ್ಟೋಮನ್ನರ ವಿರುದ್ಧದ ವಾರ್ನಾ ಯುದ್ಧಕ್ಕೆ ಹೋಗದೆ ಸುಮ್ನೆ ಕೂತ. ಹೋದವರಲ್ಲಿ ಹಂಗೇರಿಯ 20 ವರ್ಷದ ದೊರೆ ವ್ಲಾಡಿಸ್ಲಾವ್ ತಲೆ ಕಳೆದುಕೊಂಡ. ಗಡಿಯಲ್ಲಿ ಬಾಳುವವನನ್ನು ಹೇಡಿ ಅನ್ನುವುದು ದೂರದಲ್ಲಿ ಕೂತವರಿಗೆ ಸುಲಭ.

1456ರ ಜುಲೈ. ಕಾನ್‌ಸ್ಟಾಂಟಿನೋಪಲ್ ಗೆದ್ದು ಮೂರು ವರ್ಷವಾಗಿತ್ತು, ಸುಲ್ತಾನ ಎರಡನೇ ಮೆಹ್ಮದ್ ದೊಡ್ಡ ಫಿರಂಗಿಗಳ ಜೊತೆ ಬೆಲ್‌ಗ್ರೇಡ್‌ಗೆ ಬಂದ. ನದಿಗೆ ಅಡ್ಡಲಾಗಿ ದೋಣಿಗಳನ್ನು ಸರಪಳಿಯಿಂದ ಬಿಗಿಸಿದ. 14ರಂದು ಹಂಗೇರಿಯ ದಂಡನಾಯಕ ಹುನ್ಯಾಡಿ ಆ ಸಾಲನ್ನು ಮುರಿದು ಕೋಟೆಗೆ ಜನ, ದವಸ ಸೇರಿಸಿದ. ಅವನ ಜೊತೆಗಿದ್ದವರು ಜಾಸ್ತಿ ಸೈನಿಕರೂ ಅಲ್ಲ, 70 ವರ್ಷದ ಸನ್ಯಾಸಿ ಕಾಪಿಸ್ಟ್ರಾನೊನ ಮಾತು ಕೇಳಿ ಕುಡುಗೋಲು, ದೊಣ್ಣೆ ಹಿಡಿದು ಬಂದ ರೈತರು. 21ರ ರಾತ್ರಿ ಸುಲ್ತಾನನ ಆಯ್ದ ಕಾಲಾಳುಗಳಾದ ಜಾನಿಸರಿಗಳು ಗೋಡೆಯ ಬಿರುಕಿನಿಂದ ಒಳನುಗ್ಗಿದರು. ಮೇಲಿದ್ದವರು ಕಟ್ಟಿಗೆ ಹೊರೆಗಳಿಗೆ ಗಂಧಕ ಸವರಿ, ಬೆಂಕಿ ಹಚ್ಚಿ ಕಂದಕಕ್ಕೆ ಉರುಳಿಸಿದರು. ಒಳಗೆ ಬಂದವರಿಗೆ ವಾಪಸ್ ಹೋಗುವ ದಾರಿಯೇ ಮುಚ್ಚಿತು. ಮರುದಿನ ಯಾರ ಅಪ್ಪಣೆಗೂ ಕಾಯದೆ ರೈತರು ಹೊರಗೆ ನುಗ್ಗಿದರು, ಹುನ್ಯಾಡಿ ಅವರ ಹಿಂದೆ ಹೊರಡಬೇಕಾಯಿತು. ಗಾಯಗೊಂಡ ಸುಲ್ತಾನ ಹಿಂದೆ ಸರಿದ.

ಗೆದ್ದವರ ಪಾಳೆಯಕ್ಕೆ ಪ್ಲೇಗ್ ಬಂತು. ಆಗಸ್ಟಿನಲ್ಲಿ ಹುನ್ಯಾಡಿ ಹೋದ, ಅಕ್ಟೋಬರಿನಲ್ಲಿ ಕಾಪಿಸ್ಟ್ರಾನೊ. ಸ್ಟೆಫಾನನ ಕೋಟೆ ಮಾತ್ರ ಇನ್ನೂ 65 ವರ್ಷ ತಡೆದು, 1521ರಲ್ಲಿ ಮೆಹ್ಮದನ ಮರಿಮೊಮ್ಮಗ ಸುಲೈಮಾನನ ಕೈಸೇರಿತು.